ಗಣಿ ಧಣಿಯ ಬಂಗಲೆ ಈಗ ಎಲ್ಲರದು

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳ ಒಲೆ ಉರಿಯುತ್ತಿರುವುದು ಬೆಂಗಳೂರಿನ ದುಡಿಮೆಯಿಂದ. ಅವರಲ್ಲಿ ಅನೇಕರು ಇಳಿಯುವ ದಂಡು ನಿಲ್ದಾಣಕ್ಕೆ ಹತ್ತಿರದಲ್ಲೇ, ವಸಂತನಗರದ ಅರಮನೆ ರಸ್ತೆಯಲ್ಲಿ, ಗಣಿ ಧಣಿಯೊಬ್ಬರು ಬಾಳಿದ ಬಂಗಲೆಯಿದೆ. ಅದು ಮಾಣಿಕ್ಯವೇಲು ಮ್ಯಾನ್ಷನ್, ಇಂದಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ನಮ್ಮ ಕಡೆಯವರು ಒಮ್ಮೆಯಾದರೂ ಅದರ ಗೇಟು ದಾಟಿ ಒಳಗೆ ಹೋಗಬೇಕು.

ರಾಜಾ ಮಾಣಿಕ್ಯವೇಲು ಮೊದಲಿಯಾರ್ ಹುಟ್ಟು ಶ್ರೀಮಂತರಲ್ಲ. ಬಡತನದಲ್ಲಿ ಬೆಳೆದು, ಅನುಕೂಲಸ್ಥರ ಮನೆಯ ಅಳಿಯನಾಗಿ, ಮ್ಯಾಂಗನೀಸ್ ಮತ್ತು ಕ್ರೋಮಿಯಂ ಗಣಿಗಳನ್ನು ಗುತ್ತಿಗೆ ಹಿಡಿದು ಮೇಲೆ ಬಂದವರು. ಈ ಬಂಗಲೆಯನ್ನು ಮೈಸೂರಿನ ಯುವರಾಜರಿಂದ ಕೊಂಡರು. ಕಾಲ ತಿರುಗಿತು, ಆಸ್ತಿ ಹರಾಜಿಗೆ ಬಂತು. 1960ರ ದಶಕದಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯ ಕೈ ಸೇರಿ, ಮುಂದೆ ಗೃಹಮಂಡಳಿಗೆ ಹೋಯಿತು. 2000ದಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆ ಗುತ್ತಿಗೆಗೆ ಪಡೆಯಿತು. 2009ರ ಫೆಬ್ರುವರಿ 18ರಂದು ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ದೆಹಲಿ, ಮುಂಬಯಿ ಬಿಟ್ಟರೆ ಈ ಸಂಸ್ಥೆಯ ಮೂರನೆಯ ನೆಲೆ ಇದೇ. ಹರಾಜಾದ ಬಂಗಲೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದು ನಿಲ್ಲುವ ಬೆಂಗಳೂರಿನಲ್ಲಿ ಇದೊಂದು ಉಳಿದುಕೊಂಡದ್ದು, ನಡುವೆ ಸಾರ್ವಜನಿಕ ಸಂಸ್ಥೆಗಳ ಕೈಗೆ ಬಂದದ್ದರಿಂದ ಎಂದೇ ನನ್ನ ಎಣಿಕೆ.

ಮೂರೂವರೆ ಎಕರೆ ಆವರಣ. ಹಳೆಯ ಮರಗಳನ್ನು ಉಳಿಸಿಕೊಂಡು, ಬಂಗಲೆಯ ಹಿಂಬದಿಗೆ ಹೊಸ ಗ್ಯಾಲರಿ ಕಟ್ಟಿದ್ದಾರೆ. ಜೊತೆಗೊಂದು ನೀರಿನ ಕೊಳ. ಹಳೆಯದನ್ನು ಹೊಸದು ಮರೆಮಾಡದಂತೆ ವಾಸ್ತುಶಿಲ್ಪಿಗಳು ತೋರಿದ ಸಂಯಮ ದೊಡ್ಡದು. ಹಳೆಯ ಮನೆಯೊಳಗಿನ ಸುಖವೇ ಬೇರೆ. ಒಂದು ಕುಟುಂಬ ಓಡಾಡಿದ ಕೋಣೆಗಳಲ್ಲೇ ಚಿತ್ರಗಳು ತೂಗುತ್ತವೆ. ಒಂದು ಬಾಗಿಲು ದಾಟಿದರೆ ಒಂದು ಕಾಲ, ಇನ್ನೊಂದು ದಾಟಿದರೆ ಇನ್ನೊಬ್ಬರ ಕುಂಚ. ರವಿವರ್ಮ, ರವೀಂದ್ರನಾಥ ಟ್ಯಾಗೋರ್, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಇವರೆಲ್ಲರ ಕೃತಿಗಳು ಈ ಸಂಸ್ಥೆಯ ಸಂಗ್ರಹದಲ್ಲಿವೆ. ಕಣ್ಣು ದಣಿದಾಗ ಹೊರಗೆ ಬಂದು ಮರದ ನೆರಳಲ್ಲಿ ಕೂರಬಹುದು. ಗ್ರಂಥಾಲಯವಿದೆ, ಸಭಾಂಗಣವಿದೆ.

ಇದನ್ನೆಲ್ಲ ನೋಡುವಾಗ ಕೆಜಿಎಫ್ ನೆನಪಾಗದೆ ಇರದು. ಅಲ್ಲಿ ಚಿನ್ನ ತೆಗೆಯುವ ಪರವಾನಗಿಯನ್ನು 1870ರ ದಶಕದಲ್ಲಿ ಪಡೆದ ಐರಿಷ್ ಸೈನಿಕ ಮೈಕೆಲ್ ಲವೆಲ್, ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ. ಅದಕ್ಕೆ ಊರಿಗಾಂ ಹೌಸ್ ಎಂದು ಹೆಸರಿಟ್ಟ. ಲವೆಲ್ ರಸ್ತೆಗೆ ಹೆಸರು ಬಂದದ್ದು ಅವನಿಂದಲೇ. 1880ರಲ್ಲಿ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಧಣಿಗಳು ಲಂಡನ್ನಿನವರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂಡೆ ಒಡೆದವರ ನೆಲದಲ್ಲಿ ಧಣಿಗಳು ಮನೆ ಮಾಡಲಿಲ್ಲ. ಅಲ್ಲಿರುವುದು ಮ್ಯಾನೇಜರುಗಳ, ಎಂಜಿನಿಯರುಗಳ ಬಂಗಲೆಗಳು. ಅಗಲವಾದ ಅಂಗಳ, ಸುತ್ತ ತೋಟ. ಅವುಗಳಿಗೆ ದೂರದಲ್ಲಿ, ಒಂದಕ್ಕೊಂದು ಅಂಟಿಕೊಂಡ ಕಾರ್ಮಿಕರ ಲೈನ್ ಮನೆಗಳು. ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ವಿದ್ಯುತ್ ತಂದದ್ದು ಗಣಿಯ ಯಂತ್ರಗಳಿಗಾಗಿ.

ಬೆಂಗಳೂರಿನಲ್ಲಿ ಆದದ್ದು ಕೆಜಿಎಫ್‌ನಲ್ಲೂ ಆಗಲಿ ಎಂಬುದು ನನ್ನ ಆಸೆ. ಆದರೆ ಬಂಗಲೆಯೊಂದನ್ನೇ ಸಿಂಗರಿಸಿಟ್ಟರೆ ಅರ್ಧ ಕತೆ. ಒಂದು ಬಂಗಲೆಯ ಜೊತೆ ಒಂದು ಲೈನ್ ಮನೆಯನ್ನೂ ಇದ್ದಂತೆಯೇ ಉಳಿಸಬೇಕು. ಗಣಿಗಿಳಿದವರ ಹೆಲ್ಮೆಟ್ಟು, ದೀಪ, ಟಿಫಿನ್ ಡಬ್ಬಿಗಳಿಗೆ ಅಲ್ಲಿ ಜಾಗ ಬೇಕು. ಸೈನೈಡ್ ಗುಡ್ಡಗಳ ಧೂಳು ಉಂಡವರ ಮಾತನ್ನು, ಅವರ ತಮಿಳಿನಲ್ಲೇ, ತೆಲುಗಿನಲ್ಲೇ, ಕನ್ನಡದಲ್ಲೇ ಧ್ವನಿಮುದ್ರಿಸಿ ಇಡಬೇಕು. ಷಾಫ್ಟಿಗೆ ಇಳಿದ ಹಿರಿಯರು ಇನ್ನೂ ನಮ್ಮೊಂದಿಗಿದ್ದಾರೆ, ಕೇಳಿದರೆ ಹೇಳುತ್ತಾರೆ. ಆ ಕೆಲಸಕ್ಕೆ ಕಟ್ಟಡ ಸಿದ್ಧವಾಗುವವರೆಗೆ ಕಾಯಬೇಕಿಲ್ಲ.

ಅರಮನೆ ರಸ್ತೆಯ ಸಂಗ್ರಹಾಲಯಕ್ಕೆ ಸೋಮವಾರ ರಜೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ದಂಡು ನಿಲ್ದಾಣದಿಂದ ಆಟೋ ಸಾಕು.