ಗಾಜಿನ ಹಿಂದೊಂದು ಸಾಕ್ಷಿ

ರಾಮನಗರದ ಐಜೂರು ವೃತ್ತದಲ್ಲಿ ಒಂದು ಸ್ಕೂಟರು ಕಾರಿಗೆ ತಾಗಿತೆನ್ನಿ. ಯಾರಿಗೂ ಪೆಟ್ಟಾಗಿಲ್ಲ. ಕಾರಿನ ಬಂಪರು ಬಿರುಕು ಬಿಟ್ಟಿದೆ, ಸ್ಕೂಟರಿನ ಕನ್ನಡಿ ಮುರಿದಿದೆ. ಎರಡು ನಿಮಿಷದೊಳಗೆ ಇಪ್ಪತ್ತು ಜನ ಸೇರುತ್ತಾರೆ. ಅವರಲ್ಲಿ ಕಣ್ಣಾರೆ ಕಂಡವರು ಇಬ್ಬರಿದ್ದರೆ ಹೆಚ್ಚು. ತೀರ್ಪು ಕೊಡುವವರು ಮಾತ್ರ ಇಪ್ಪತ್ತೂ ಮಂದಿ. ಈ ಬೀದಿ ಪಂಚಾಯಿತಿಗೆ ಇರುವುದು ಒಂದೇ ಕಾನೂನು: ದೊಡ್ಡ ಗಾಡಿಯದೇ ತಪ್ಪು. ಆಗಷ್ಟೇ ಲೈಸೆನ್ಸ್ ಪಡೆದ ಕಾಲೇಜು ಹುಡುಗಿ ಸ್ಟಿಯರಿಂಗ್ ಹಿಡಿದಿದ್ದರಂತೂ ವಿಚಾರಣೆಯೇ ಬೇಡ. ಅವಳು ಮನೆಗೆ ಫೋನ್ ಮಾಡುತ್ತಾಳೆ. ಅಪ್ಪ ಕೇಳುವ ಮೊದಲ ಪ್ರಶ್ನೆ, ‘ನಿಂಗೇನೂ ಆಗಿಲ್ಲ ತಾನೆ ಮಗಳೆ?’ ಎರಡನೆಯದು, ‘ತಪ್ಪು ಯಾರದವ್ವ?’

ಆ ಎರಡನೆಯ ಪ್ರಶ್ನೆಗೆ ಉತ್ತರ ಹೇಳಲೆಂದು ಕಾರಿನ ಮುಂಗಾಜಿಗೆ ಅಂಟಿಸುವ ಪುಟ್ಟ ಯಂತ್ರವೇ ಡ್ಯಾಶ್‌ಕ್ಯಾಮ್. ಕಾರು ಚಾಲೂ ಆದೊಡನೆ ತಾನೂ ಚಾಲೂ ಆಗಿ ಮುಂದಿನ ರಸ್ತೆಯನ್ನು ಚಿತ್ರಿಸುತ್ತಾ ಹೋಗುತ್ತದೆ. ಕಾರ್ಡು ತುಂಬಿದಾಗ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ. ಗಾಡಿ ಜೋರಾಗಿ ಕುಲುಕಿದರೆ, ಬ್ರೇಕು ಗಕ್ಕನೆ ಬಿದ್ದರೆ, ಆ ಹೊತ್ತಿನ ತುಣುಕನ್ನು ಅಳಿಸದಂತೆ ಬೀಗ ಹಾಕಿಡುತ್ತದೆ.

ಒಂದು ಕಾಲಕ್ಕೆ ಇದು ರಷ್ಯಾದವರ ಹುಚ್ಚು ಎನ್ನಿಸಿಕೊಂಡಿತ್ತು. 2013ರ ಫೆಬ್ರುವರಿ 15ರಂದು ಅಲ್ಲಿನ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಉಲ್ಕೆಯೊಂದು ಸಿಡಿದಾಗ ಅದನ್ನು ಹಿಡಿದಿಟ್ಟವುಗಳಲ್ಲಿ ಜನಸಾಮಾನ್ಯರ ಕಾರುಗಳ ಇಂಥ ಕ್ಯಾಮೆರಾಗಳು ಬಹಳ. ಆ ದಿನದ ವಿಡಿಯೊಗಳನ್ನು ಇಟ್ಟುಕೊಂಡೇ ವಿಜ್ಞಾನಿಗಳು ಉಲ್ಕೆ ಬಂದ ದಾರಿಯನ್ನು ಲೆಕ್ಕ ಹಾಕಿದರು. ನಮ್ಮಲ್ಲಿ ಅದರ ಹೆಸರು ಕೇಳಿಬಂದದ್ದು ಇಷ್ಟು ಸೊಗಸಾದ ಕಾರಣಕ್ಕಲ್ಲ. 2023ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ನಡುರಾತ್ರಿ ಕಳೆದ ಹೊತ್ತಿನಲ್ಲಿ ಮನೆಗೆ ಹೊರಟಿದ್ದ ದಂಪತಿಯ ಕಾರಿಗೆ ಬೈಕಿನಲ್ಲಿ ಬಂದ ಇಬ್ಬರು ಬೇಕೆಂದೇ ಎದುರಿನಿಂದ ಗುದ್ದಿ, ಜಗಳ ತೆಗೆದು, ಕಿಲೋಮೀಟರುಗಟ್ಟಲೆ ಬೆನ್ನಟ್ಟಿದರು. ಕ್ಯಾಮೆರಾ ಇಲ್ಲದಿದ್ದರೆ ಅದು ಬೈಕಿಗೆ ಕಾರು ಗುದ್ದಿದ ಇನ್ನೊಂದು ಪ್ರಕರಣವಾಗುತ್ತಿತ್ತು. ವಿಡಿಯೊ ಇತ್ತು, ಪೊಲೀಸರು ಇಬ್ಬರನ್ನೂ ಹಿಡಿದರು.

ಯಾವ ರಸ್ತೆಗೆ?

ಅಂಗಡಿಗೆ ಹೋಗುವ ಮೊದಲು ನಿಮ್ಮ ಕಾರು ಓಡುವ ರಸ್ತೆ ಯಾವುದು ಎಂದು ಕೇಳಿಕೊಳ್ಳುವುದು ಒಳ್ಳೆಯದು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಹುಟ್ಟಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ನಮ್ಮ ಸೀಮೆಯಲ್ಲಿ ರಸ್ತೆಗೊಂದು ಗುಣ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣ ಎರಡನ್ನೂ ಊರಾಚೆಯೇ ದಾಟಿಹೋಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಕಾರಿಗೆ ವೇಗದ ಮಿತಿ ಗಂಟೆಗೆ 100 ಕಿಲೋಮೀಟರು. ಅಲ್ಲಿಂದ ಓಡಿಸಲ್ಪಟ್ಟವರೆಲ್ಲ ಸರ್ವಿಸ್ ರಸ್ತೆಗೂ ಗೊಂಬೆ ಅಂಗಡಿಗಳ ಮುಂದಿನ ಹಳೇ ರಸ್ತೆಗೂ ಬಂದಿದ್ದಾರೆ. ಸಣ್ಣಪುಟ್ಟ ತಾಗಾಟಗಳ ಜಾಗ ಇದೇ.

ಕನಕಪುರದ ಕಡೆಯದು ಬೇರೆ ಕತೆ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ದಾಟಿ ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿ ಬಿಟ್ಟು ಸಂಗಮದ ಕಡೆ ತಿರುಗಿದರೆ ಕಾವೇರಿ ವನ್ಯಧಾಮದ ಅಂಚು. ರಾತ್ರಿ ಆನೆ ರಸ್ತೆ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಮಾಗಡಿಯ ಕಡೆ ಸಾವನದುರ್ಗ, ಮಂಚನಬೆಲೆಯ ತಿರುವುಗಳು, ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು, ಹೊತ್ತು ಮುಳುಗಿದ ಮೇಲೆ ಮನೆಗೆ ಹೊರಟ ದನಗಳು. ಹಗಲಿನ ಪೇಟೆಗೆ ಒಪ್ಪುವ ಕ್ಯಾಮೆರಾ ಈ ಕತ್ತಲಿಗೆ ಒಪ್ಪಲಾರದು.

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ

ಮುಂಭಾಗವನ್ನಷ್ಟೇ ನೋಡುವ, 1080ಪಿ ಸ್ಪಷ್ಟತೆಯ ಕ್ಯಾಮೆರಾ ಸುಮಾರು 3ರಿಂದ 5 ಸಾವಿರ ರೂಪಾಯಿಗೆ ಸಿಗುತ್ತದೆ. ಅದೇ ಬೆಲೆಗೆ ‘4ಕೆ’ ಎಂದು ಬರೆದ ಪೆಟ್ಟಿಗೆಯೂ ಸಿಗುತ್ತದೆ. ಮಗ ಎರಡನೆಯದನ್ನು ಬಯಸುವುದು ಸಹಜ. ಆದರೆ ಅಗ್ಗದ ‘4ಕೆ’ಗಳಲ್ಲಿ ಹಲವು ಕಡಿಮೆ ಸ್ಪಷ್ಟತೆಯ ಚಿತ್ರವನ್ನೇ ಹಿಗ್ಗಿಸಿ ತೋರಿಸುವಂಥವು, ಹಿಟ್ಟು ಅಷ್ಟೇ, ರೊಟ್ಟಿ ದೊಡ್ಡದು.

ಇದಕ್ಕಿಂತ ಮುಖ್ಯವಾದ ಲೆಕ್ಕವೊಂದಿದೆ. ಪಿಯುಸಿ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಗಂಟೆಗೆ 100 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 27.8 ಮೀಟರು. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ ಎಂದುಕೊಂಡರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಕಾರು 93 ಸೆಂಟಿಮೀಟರು, ಅಂದರೆ ಸುಮಾರು ಒಂದು ಗಜ, ಮುಂದೆ ಸರಿದಿರುತ್ತದೆ. ಹಗಲಲ್ಲಿ ಬೆಳಕು ಧಾರಾಳ. ಪ್ರತಿ ಚಿತ್ರಕ್ಕೂ ಸೆಕೆಂಡಿನ ಸಾವಿರದ ಒಂದು ಪಾಲು ಕಣ್ಣು ತೆರೆದರೆ ಸಾಕು. ಆಗ ಸರಿಯುವುದು ಮೂರು ಸೆಂಟಿಮೀಟರೂ ಇಲ್ಲ. ರಾತ್ರಿ ಬೆಳಕು ಸಾಲದೆ ಅದು ಸೆಕೆಂಡಿನ ಮೂವತ್ತನೆಯ ಒಂದು ಪಾಲಿನಷ್ಟು ಕಣ್ಣು ತೆರೆದುಕೊಂಡಿರಬೇಕಾಗಬಹುದು. ಅಷ್ಟರಲ್ಲಿ ಒಂದು ಗಜ ಸರಿದಾಗಿರುತ್ತದೆ. ಎದುರಿನ ಗಾಡಿಯೂ ಅದೇ ವೇಗದಲ್ಲಿದ್ದರೆ ಎರಡು ಗಜ. ಅದರ ನಂಬರ್ ಪ್ಲೇಟು ಒಂದು ಬಿಳಿಯ ಗೀರಾಗಿ ಕಾಣುತ್ತದೆ. ಎಷ್ಟು ‘ಕೆ’ ಇದ್ದರೇನು?

ಆದ್ದರಿಂದ ಕತ್ತಲಿನ ರಸ್ತೆಯವರು ಅಂಕಿ ಬಿಟ್ಟು ಬೆಳಕು ಹಿಡಿಯುವ ಸೆನ್ಸರ್ ಯಾವುದು ಎಂದು ಕೇಳಬೇಕು. ಸೋನಿ ಕಂಪನಿಯ ‘ಸ್ಟಾರ್ವಿಸ್’ ಎಂಬ ಸೆನ್ಸರ್ ಮಂದ ಬೆಳಕಿಗೆಂದೇ ಮಾಡಿದ್ದು. ಅದಿರುವ ಮಾದರಿಗೆ ಸಾವಿರ ರೂಪಾಯಿ ಹೆಚ್ಚು ತೆತ್ತರೂ ನಷ್ಟವಿಲ್ಲ. ‘ಡಬ್ಲ್ಯುಡಿಆರ್’ ಎಂಬುದೂ ಇರಲಿ: ಎದುರು ಗಾಡಿಯ ಬೆಳಕಿನಲ್ಲಿ ಚಿತ್ರವೆಲ್ಲ ಬೆಳ್ಳಗಾಗದಂತೆ ಅದು ತಡೆಯುತ್ತದೆ. ಹಾಗಿದ್ದೂ ರಾತ್ರಿ ಎದುರಿನಿಂದ ಬಂದು ಸವರಿಕೊಂಡು ಹೋದ ಲಾರಿಯ ನಂಬರನ್ನು ಯಾವ ಅಗ್ಗದ ಕ್ಯಾಮೆರಾದಿಂದಲೂ ನಿರೀಕ್ಷಿಸಬೇಡಿ. ಇದಕ್ಕೆ ಕಾಸು ಖರ್ಚಿಲ್ಲದ ಉಪಾಯವೊಂದಿದೆ. ನಂಬರು ನಿಮ್ಮ ಕಣ್ಣಿಗೆ ಬಿದ್ದೊಡನೆ ಗಟ್ಟಿಯಾಗಿ ಓದಿಬಿಡಿ. ಕ್ಯಾಮೆರಾಕ್ಕೆ ಕಿವಿಯೂ ಇದೆ. ದನಿ ಕಾರ್ಡಿನಲ್ಲಿ ಉಳಿಯುತ್ತದೆ.

ಈ ನಂಬರಿಗೆ ಇಷ್ಟು ಬೆಲೆ ಏಕೆಂದು ಕೇಳಬಹುದು. ಗುದ್ದಿ ಓಡಿಹೋದ ವಾಹನ ಯಾವುದೆಂದು ಪತ್ತೆಯಾಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಸರ್ಕಾರಿ ಯೋಜನೆಯಂತೆ ಸತ್ತವರ ಮನೆಯವರಿಗೆ ಸಿಗುವುದು 2 ಲಕ್ಷ ರೂಪಾಯಿ, ತೀವ್ರ ಗಾಯಗೊಂಡವರಿಗೆ 50 ಸಾವಿರ. ವಾಹನ ಪತ್ತೆಯಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಸತ್ತವರ ವಯಸ್ಸು, ದುಡಿಮೆ, ಅವಲಂಬಿತರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ವಿಮಾ ಕಂಪನಿಯಿಂದ ಪರಿಹಾರ ಕೇಳಬಹುದು. ಮುಂಜಾನೆ ರೇಷ್ಮೆಗೂಡು ಹೊತ್ತು ಮಾರುಕಟ್ಟೆಗೆ ಹೊರಟವನ ಸಂಸಾರಕ್ಕೆ ಈ ಎರಡರ ನಡುವಿನ ಅಂತರ ಬಹಳ ದೊಡ್ಡದು. ನಿಮ್ಮ ಕಾರಿಗೆ ಏನೂ ಆಗದೆ, ನೀವು ಸುಮ್ಮನೆ ಹಿಂದೆ ಬರುತ್ತಿದ್ದ ದಿನವೂ ಆ ಕ್ಯಾಮೆರಾ ಇನ್ನೊಬ್ಬರ ಸಾಕ್ಷಿಯಾಗಬಹುದು. ಗಾಯಾಳುವಿಗೆ ನೆರವಾದವರನ್ನು ಕಾನೂನಿನ ಕಿರುಕುಳದಿಂದ ಕಾಪಾಡುವ ಕಲಂ 134ಎ ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿಯಿಂದ ಇದೆ, ಹೆದರುವ ಕಾರಣವಿಲ್ಲ.

ಬಿಸಿಲಿಗೆ ಬೆಂದ ಯಂತ್ರ

ಬಂಡೆಗಳ ಊರಾದ ರಾಮನಗರದ ಏಪ್ರಿಲ್ ಬಿಸಿಲನ್ನು ಕಂಡವರಿಗೆ ಹೇಳಬೇಕಿಲ್ಲ. ಮರದ ನೆರಳಿಲ್ಲದ ಕಡೆ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 70 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಕ್ಯಾಮೆರಾ ಇರುವುದು ಗಾಜಿಗೆ ಅಂಟಿಕೊಂಡೇ. ಒಳಗೆ ಲಿಥಿಯಂ ಬ್ಯಾಟರಿ ಇದ್ದರೆ ಇಂಥ ಕಾವಿಗೆ ಅದು ಊದಿಕೊಳ್ಳುತ್ತದೆ. ನನ್ನ ಪರಿಚಯದವರೊಬ್ಬರ ಕಾರಿನಲ್ಲಿ ಎರಡನೆಯ ಬೇಸಿಗೆಗೆ ಕ್ಯಾಮೆರಾದ ಬೆನ್ನೇ ಬಿಟ್ಟುಕೊಂಡಿತ್ತು. ಬ್ಯಾಟರಿಯ ಬದಲು ‘ಸೂಪರ್ ಕೆಪಾಸಿಟರ್’ ಇರುವ ಮಾದರಿಗಳಿವೆ. ಅದು ಹಿಡಿದಿಡುವ ವಿದ್ಯುತ್ತು ಅತ್ಯಲ್ಪ. ಕಾರು ಆರಿದ ಮೇಲೆ ಕೊನೆಯ ತುಣುಕನ್ನು ಉಳಿಸಿಕೊಳ್ಳಲಷ್ಟೇ ಸಾಕು. ಆದರೆ ಕಾವನ್ನು ತಾಳುತ್ತದೆ. ಅಂಗಡಿಯವರನ್ನು ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶವಿದ್ದರೆ ನಾನು ಕೇಳುವುದು ಇದನ್ನೇ.

ಹಿಂಬದಿಗೂ ಒಂದು ಕ್ಯಾಮೆರಾ ಬೇಕೇ? ಕೈಯಲ್ಲಿ ಹಣವಿದ್ದರೆ ಬೇಡವೆನ್ನಲಾರೆ. ಇಲ್ಲದಿದ್ದರೆ ಆ ಹಣವನ್ನು ಒಳ್ಳೆಯ ಮೆಮರಿ ಕಾರ್ಡಿಗೆ ಹಾಕಿ. ಮೊಬೈಲಿಗೆ ಹಾಕುವ ಮಾಮೂಲಿ ಕಾರ್ಡು ಇಲ್ಲಿ ಬಹುಕಾಲ ಬಾಳದು. ಅಳಿಸಿ ಬರೆಯುವ ಕೆಲಸ ಇಲ್ಲಿ ದಿನವೂ ನಡೆಯುತ್ತದೆ. 1080ಪಿ ಚಿತ್ರಣ ಗಂಟೆಗೆ ಸುಮಾರು 7 ಜಿಬಿ ತಿನ್ನುತ್ತದೆ ಎಂದುಕೊಂಡರೆ 64 ಜಿಬಿ ಕಾರ್ಡು ಒಂಬತ್ತು ಗಂಟೆಯಲ್ಲಿ ಭರ್ತಿ. ದಿನಕ್ಕೆ ಒಂದೂವರೆ ಗಂಟೆ ಓಡುವ ಕಾರಿನಲ್ಲಿ ಆರು ದಿನಕ್ಕೊಮ್ಮೆ ಇಡೀ ಕಾರ್ಡು ತಿರುಗಿ ಬರೆದಂತಾಯಿತು. ‘ಹೈ ಎಂಡ್ಯುರೆನ್ಸ್’ ಎಂದು ಬರೆದ ಕಾರ್ಡುಗಳು ಈ ದುಡಿತಕ್ಕೆಂದೇ ಮಾಡಿದವು. ಅರ್ಧ ಬೆಲೆಯ ಕಾರ್ಡುಗಳಲ್ಲಿ ನಕಲಿ ಬಹಳ.

ಜೋಡಣೆ ಸುಲಭ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ವೈರು ಸಿಕ್ಕಿಸಿದರೆ ಮುಗಿಯಿತು. ಒಳಗಿನ ಕನ್ನಡಿಯ ಹಿಂದೆ, ವೈಪರು ಒರೆಸುವ ಜಾಗದೊಳಗೆ, ಚಾಲಕರ ನೋಟಕ್ಕೆ ಅಡ್ಡ ಬರದಂತೆ ಅಂಟಿಸಿ. ವೈರನ್ನು ಪಕ್ಕದ ಕಂಬದೊಳಗೆ ತೂರಿಸುವಾಗ ಅಲ್ಲಿ ಏರ್‌ಬ್ಯಾಗ್ ಇದೆಯೇ ಎಂದು ನೋಡಬೇಕು. ಅದರ ಮುಂದೆ ವೈರು ಅಡ್ಡ ಬಂದರೆ ಅಪಘಾತದ ಹೊತ್ತಿನಲ್ಲಿ ಅಪಾಯ. ನಿಂತ ಕಾರನ್ನು ರಾತ್ರಿಯಿಡೀ ಕಾಯುವ ‘ಪಾರ್ಕಿಂಗ್ ಮೋಡ್’ ಬೇಕೆಂದರೆ ಫ್ಯೂಸ್ ಪೆಟ್ಟಿಗೆಯಿಂದ ಸಂಪರ್ಕ ಕೊಡಬೇಕಾಗುತ್ತದೆ. ಕಾರಿನ ಬ್ಯಾಟರಿ ಇಳಿಯುವ ಮುನ್ನ ತಾನೇ ಕಡಿದುಕೊಳ್ಳುವ ಕಿಟ್ ಹಾಕಿಸಿ, ವಾರಂಟಿಗೆ ತೊಂದರೆಯಿಲ್ಲವೆಂದು ಮೊದಲೇ ಕೇಳಿಕೊಳ್ಳಿ. ಮನೆಯ ಕಾಂಪೌಂಡಿನೊಳಗೆ ಕಾರು ನಿಲ್ಲಿಸುವವರಿಗೆ ಈ ತಲೆನೋವು ಬೇಡ.

ಸಾಕ್ಷಿಗೆ ಪಕ್ಷವಿಲ್ಲ

ಮಾರುವವರು ಹೇಳದ ವಿಷಯವೊಂದಿದೆ. ಕ್ಯಾಮೆರಾ ಎದುರಿನವನ ತಪ್ಪನ್ನಷ್ಟೇ ನೋಡುವುದಿಲ್ಲ. ಜಿಪಿಎಸ್ ಇರುವ ಮಾದರಿಯಲ್ಲಿ ಚಿತ್ರದ ಮೂಲೆಯಲ್ಲೇ ವೇಗವೂ ದಾಖಲಾಗುತ್ತದೆ. ಹೆದ್ದಾರಿಯಲ್ಲಿ 118ರಲ್ಲಿ ಹೋಗಿ ಗುದ್ದಿದವನು ‘ನಾನು ನಿಧಾನಕ್ಕೇ ಬರ್ತಿದ್ದೆ ಸಾರ್’ ಎಂದರೆ ಅವನ ಕಾರೇ ಅವನನ್ನು ಸುಳ್ಳುಗಾರನನ್ನಾಗಿಸುತ್ತದೆ. ಅದಕ್ಕೇ ಜಿಪಿಎಸ್ ಬೇಡವೆನ್ನುವ ಹುಡುಗರಿದ್ದಾರೆ. ನನ್ನ ಮಟ್ಟಿಗೆ, ಹೊಸದಾಗಿ ಕಲಿತವರ ಕಾರಿನಲ್ಲಿ ಅದು ಇರಲೇಬೇಕು.

ಹದಿನೆಂಟು ತುಂಬದ ಮಗನ ಕೈಗೆ ‘ಇಲ್ಲೇ ಕೋಡಿಹಳ್ಳಿವರೆಗೆ ತಾನೆ’ ಎಂದು ಕೀಲಿ ಕೊಡುವ ಅಪ್ಪಂದಿರಿಗೆ ಈ ಯಂತ್ರ ಇನ್ನೂ ಕಠಿಣ. ಮೋಟಾರು ವಾಹನ ಕಾಯ್ದೆಯ ಕಲಂ 199ಎ ಪ್ರಕಾರ ಅಪ್ರಾಪ್ತರು ಅಪರಾಧವೆಸಗಿದರೆ ಪಾಲಕರು ಅಥವಾ ವಾಹನದ ಒಡೆಯರಿಗೆ ಮೂರು ವರ್ಷದವರೆಗೆ ಸಜೆ, 25 ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಕಲಿಕಾ ಲೈಸೆನ್ಸೂ ಇಲ್ಲ.

ಅಪಘಾತವಾದರೆ ವಿಡಿಯೊವನ್ನು ಕತ್ತರಿಸಿ, ಹಾಡು ಸೇರಿಸಿ ವಾಟ್ಸ್‌ಆ್ಯಪ್‌ಗೆ ಹಾಕುವ ಚಪಲ ಬಿಡಬೇಕು. ಕ್ಯಾಮೆರಾ ಆರಿಸಿ, ಕಾರ್ಡನ್ನು ಹೊರತೆಗೆದು, ಹಾಗೇ ಎತ್ತಿಡಿ. ಬೇರೆ ಕಾರ್ಡು ಹಾಕಿಕೊಳ್ಳಿ. ಪೊಲೀಸರಿಗೆ ಕೊಡುವಾಗ ಸ್ವೀಕೃತಿ ಪಡೆಯಿರಿ. ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವುದಾದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಪ್ರಮಾಣಪತ್ರ ಬೇಕು, ವಕೀಲರು ನೋಡಿಕೊಳ್ಳುತ್ತಾರೆ. ಕಾರಿನೊಳಗಿನ ಮಾತೂ ದಾಖಲಾಗುವುದರಿಂದ ಹತ್ತಿದವರಿಗೆ ಮೊದಲೇ ಹೇಳಿಬಿಡುವುದು ಮರ್ಯಾದೆ. ಮಗಳು ಗೆಳತಿಯರೊಂದಿಗೆ ಏನು ಮಾತಾಡಿದಳೆಂದು ಕೇಳಲು ಅಮ್ಮ ಕಾರ್ಡು ತೆಗೆದರೆ, ಮರುದಿನವೇ ಕ್ಯಾಮೆರಾದ ವೈರು ಕಳಚಿರುತ್ತದೆ. ಭಾನುವಾರ ಇಬ್ಬರೂ ಕೂತು ವಾರದ ಹತ್ತು ನಿಮಿಷ ನೋಡಿದರೆ ಆಗಬಹುದು: ಎಲ್ಲಿ ಲಾರಿಗೆ ತೀರಾ ಹತ್ತಿರ ಹೋದೆ, ಎಲ್ಲಿ ತಿರುವಿನಲ್ಲಿ ಹಿಂದಿಕ್ಕಿದೆ ಎಂದು.

ಕೊನೆಗೆ ನನ್ನದೇ ಪೆದ್ದುತನ. ದೀಪಾವಳಿ ಕಳೆದ ವಾರ ಮಾಗಡಿ ರಸ್ತೆಯಲ್ಲಿ ಟೆಂಪೊ ಒಂದು ನಮ್ಮ ಕಾರಿನ ಬಾಗಿಲನ್ನು ಉದ್ದಕ್ಕೂ ಗೀಚಿ ನಿಲ್ಲಿಸದೆ ಹೋಯಿತು. ‘ಕ್ಯಾಮೆರಾ ಐತಲ್ಲ, ಸಿಕ್ಕೇ ಸಿಕ್ತಾನೆ’ ಎಂದು ಮನೆಯವರಿಗೆಲ್ಲ ಧೈರ್ಯ ಹೇಳಿ, ರಾತ್ರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಅದರಲ್ಲಿದ್ದ ಕೊನೆಯ ತುಣುಕು ಯುಗಾದಿಯ ಹಿಂದಿನ ದಿನದ್ದು. ಕಾರ್ಡು ಅಂದೇ ಕೈಕೊಟ್ಟಿತ್ತು. ಹಸಿರು ದೀಪ ಮಾತ್ರ ಏಳು ತಿಂಗಳು ದಿನವೂ ಉರಿಯುತ್ತಿತ್ತು. ಈಗ ತಿಂಗಳ ಮೊದಲ ದಿನ, ಹಾಲಿನವರ ಲೆಕ್ಕ ಮುಗಿಸಿದ ಮೇಲೆ, ಕಾರ್ಡು ತೆಗೆದು ನಿನ್ನೆಯ ರಸ್ತೆ ಅದರಲ್ಲಿದೆಯೇ, ಗಡಿಯಾರ ಸರಿಯಿದೆಯೇ ಎಂದು ನೋಡುತ್ತೇನೆ.