ಇಳಕಲ್ ಸೀರೆಯ ಸೆರಗಿನ ಗುಟ್ಟು

ನಿಮ್ಮ ಮನೆಯಲ್ಲಿ ಅಜ್ಜಿಯದೋ ಅಮ್ಮನದೋ ಇಳಕಲ್ ಸೀರೆ ಇದೆಯೇ? ಇದ್ದರೆ ಅವರನ್ನು ಕೇಳಿ, ಒಮ್ಮೆ ಬಿಡಿಸಿ ನೋಡಿ. ಸೀರೆಯ ಒಡಲು ಮುಗಿದು ಸೆರಗು ಆರಂಭವಾಗುವ ಜಾಗವನ್ನು ಹುಡುಕಿ. ಅಲ್ಲಿ ಸಣ್ಣ ಸಣ್ಣ ಕುಣಿಕೆಗಳ ಸಾಲೊಂದು ಅಡ್ಡಲಾಗಿ ಹಾದುಹೋಗಿರುತ್ತದೆ. ಅದು ಹೊಲಿಗೆಯಲ್ಲ, ಅಲ್ಲಿಗೆ ಸೂಜಿ ತಾಗಿಯೇ ಇಲ್ಲ. ಹಾಗಾದರೆ ಒಡಲೂ ಸೆರಗೂ ಕೂಡಿಕೊಂಡದ್ದು ಹೇಗೆ? ಹೀಗೆ ಕೂಡಿಸುವ ಅಗತ್ಯವಾದರೂ ಏನಿತ್ತು?

ವಿನ್ಯಾಸ ಎಂದೊಡನೆ ಬಟ್ಟೆಯ ಮೇಲಿನ ಹೂವು, ಬಳ್ಳಿ, ಚುಕ್ಕೆಗಳು ನಮ್ಮ ನೆನಪಿಗೆ ಬರುತ್ತವೆ. ಆದರೆ ಯಾವ ಜಾಗಕ್ಕೆ ಯಾವ ನೂಲು, ಎಷ್ಟು ನೂಲು ಎಂದು ನೇಯುವ ಮೊದಲೇ ತೀರ್ಮಾನಿಸುವುದೂ ವಿನ್ಯಾಸವೇ. ನನಗೆ ಕೇಳಿದರೆ, ಅದೇ ದೊಡ್ಡ ವಿನ್ಯಾಸ.

ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಲಾಳಿಯ ಮೂಲಕ ಅಡ್ಡಲಾಗಿ ಹೋಗುವ ಎಳೆ ಹೊಕ್ಕು. ‘ಹಾಸುಹೊಕ್ಕು’ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಸಾಮಾನ್ಯ ಸೀರೆಯಲ್ಲಿ ಹಾಸಿನ ಎಳೆಗಳು ಈ ತುದಿಯಿಂದ ಆ ತುದಿಯವರೆಗೆ ಒಂದೇ ಆಗಿರುತ್ತವೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ ಊರಿನ ನೇಕಾರರು ಹಾಗೆ ಮಾಡುವುದಿಲ್ಲ. ಅಲ್ಲಿನ ಸಾಂಪ್ರದಾಯಿಕ ಸೀರೆಯ ಒಡಲಿಗೆ ಹತ್ತಿಯ ಹಾಸು. ಸೆರಗಿಗೆ ರೇಷ್ಮೆಯ ಹಾಸು. ಒಡಲಿನ ಹಾಸು ಮುಗಿಯುವಲ್ಲಿ ಸೆರಗಿನ ಎಳೆಗಳನ್ನು ಒಂದೊಂದಾಗಿ ಕುಣಿಕೆಯಂತೆ ಕೋದು ಜೋಡಿಸುತ್ತಾರೆ. ಈ ವಿಧಾನವೇ ‘ಟೋಪ್ ತೆನಿ’. ನಮ್ಮ ಬಿಸಿಲು ಸೀಮೆಯಲ್ಲಿ ಮೈಗೆ ತಾಗುವ ಭಾಗಕ್ಕೆ ಬೆವರು ಹೀರುವ ಹತ್ತಿಯೇ ಹಿತ. ಹೊಳಪು ಬೇಕಾದದ್ದು ನಾಲ್ಕು ಜನರ ಕಣ್ಣಿಗೆ ಬೀಳುವ ಸೆರಗಿನಲ್ಲಿ.

ಇದರಿಂದ ಎಷ್ಟು ರೇಷ್ಮೆ ಉಳಿಯುತ್ತದೆ? ಲೆಕ್ಕ ಮಾಡೋಣ. ಸೀರೆಯ ಉದ್ದ 6 ಗಜ, ಅದರಲ್ಲಿ ಸೆರಗು 1 ಗಜ ಎಂದಿಟ್ಟುಕೊಳ್ಳಿ. ಇಡೀ ಹಾಸು ರೇಷ್ಮೆಯದಾಗಿದ್ದರೆ ಪ್ರತಿ ಎಳೆಗೂ 6 ಗಜ ರೇಷ್ಮೆ ಬೇಕಿತ್ತು. ಜೋಡಣೆಯಿಂದಾಗಿ 1 ಗಜಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಹೆಚ್ಚುಕಡಿಮೆ ಆರರಲ್ಲಿ ಐದು ಪಾಲು ಉಳಿತಾಯ! ಸಣ್ಣ ಬಂಡವಾಳದ ನೇಕಾರನಿಗೆ ಇದು ಸಣ್ಣ ಮಾತಲ್ಲ. (ಈಗ ಹಲವರು ರೇಷ್ಮೆಯ ಬದಲು ಕೃತಕ ರೇಷ್ಮೆ ಬಳಸುತ್ತಾರೆ. ಜೋಡಿಸುವ ಕ್ರಮ ಮಾತ್ರ ಅದೇ.)

ದಡಿಯಲ್ಲೂ ಇಂಥದೇ ಜಾಣ್ಮೆ ಇದೆ. ನೇಯುವಾಗ ಮೂರು ಲಾಳಿಗಳು ಓಡಾಡುತ್ತವೆ. ಎರಡು ಬದಿಯ ದಡಿಗಳಿಗೆ ಎರಡು, ನಡುವಿನ ಒಡಲಿಗೆ ಒಂದು. ದಡಿಯ ಹೊಕ್ಕು ಒಡಲಿನ ಹೊಕ್ಕನ್ನು ಸಂಧಿಸಿದಲ್ಲಿ ಎರಡೂ ಒಂದಕ್ಕೊಂದು ಸಿಕ್ಕಿಕೊಂಡು ತಂತಮ್ಮ ಕಡೆಗೆ ಹಿಂತಿರುಗುತ್ತವೆ. ಇದಕ್ಕೆ ಕೊಂಡಿ ಎಂದು ಹೆಸರು. ದಡಿಯ ನೂಲು ಒಡಲಿನಲ್ಲಿ ವ್ಯರ್ಥವಾಗುವುದಿಲ್ಲ, ದಡಿಯ ಬಣ್ಣವೂ ಕಲಬೆರಕೆಯಾಗದೆ ಗಾಢವಾಗಿ ಉಳಿಯುತ್ತದೆ. ಸೆರಗಿನ ಮೇಲೆ ಸಾಮಾನ್ಯವಾಗಿ ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ಪಟ್ಟಿ. ಅಲ್ಲಿ ಮೂಡುವ ಆಕಾರಗಳು ಬಾಚುವ ಹಣಿಗೆ, ಕೋಟೆಯ ತೆನೆ, ಜೋಳದ ತೆನೆ, ಹೀಗೆ ಎಲ್ಲವೂ ಸುತ್ತಮುತ್ತ ಕಂಡವೇ.

ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಕುಣಿಮಗ್ಗಕ್ಕೆ ವಿದ್ಯುತ್ತು ಬೇಡ. ಆದರೆ ಒಂದು ತೊಡಕಿದೆ. ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಜೋಡಿಸಲೇಬೇಕು. ಅಂದರೆ ಮಗ್ಗಕ್ಕೆ ಒಂದು ಸಲಕ್ಕೆ ಒಂದೇ ಸೀರೆಯ ಹಾಸು. ವಿದ್ಯುತ್ ಮಗ್ಗಕ್ಕೆ ಉದ್ದನೆಯ ಒಂದೇ ಹಾಸು ಹಾಕಿ ಸಾಲಾಗಿ ಹಲವು ಸೀರೆ ತೆಗೆಯಬಹುದು. ಅವು ದೂರದಿಂದ ಇಳಕಲ್ ಸೀರೆಯಂತೆಯೇ ಕಾಣುತ್ತವೆ, ಬೆಲೆಯೂ ಕಡಿಮೆ. ಕೊಳ್ಳುವವರಲ್ಲಿ ಬಹಳ ಮಂದಿ ಸೆರಗಿನ ಬುಡವನ್ನು ನೋಡುವುದೇ ಇಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲಿ ಬಂದಿದೆ, ನಿಜ. ಆದರೂ ಕೊಳ್ಳುವವರು ಗುರುತಿಸದಿದ್ದರೆ ಜೋಡಣೆಗೆ ಹಿಡಿದ ಹೊತ್ತಿಗೆ ಕೂಲಿ ಹುಟ್ಟುವುದಿಲ್ಲ. ಕೂಲಿ ಹುಟ್ಟದ ಮಗ್ಗದಲ್ಲಿ ನೇಕಾರರ ಮಕ್ಕಳು ಏಕೆ ಕೂರುತ್ತಾರೆ?

ಮಾಡಿ ನೋಡಿ

ಒಂದು ಗೇಣುದ್ದದ ಕೆಂಪು ದಾರ, ಅಷ್ಟೇ ಉದ್ದದ ಬಿಳಿ ದಾರ ತೆಗೆದುಕೊಳ್ಳಿ. ಕೆಂಪು ದಾರವನ್ನು ನಡುವೆ ಮಡಿಚಿ. ಆ ಮಡಿಕೆಯೊಳಗೆ ಬಿಳಿ ದಾರವನ್ನು ತೂರಿಸಿ, ಅದನ್ನೂ ಮಡಿಚಿ. ಈಗ ಕೆಂಪು ತುದಿಗಳನ್ನು ನೀವು ಹಿಡಿದು, ಬಿಳಿ ತುದಿಗಳನ್ನು ಗೆಳೆಯನ ಕೈಗೆ ಕೊಟ್ಟು ಎಳೆಯಿರಿ. ಗಂಟಿಲ್ಲದಿದ್ದರೂ ಜೋಡಣೆ ಬಿಡುವುದಿಲ್ಲ. ಇಂಥ ಇಪ್ಪತ್ತು ಜೋಡಿಗಳನ್ನು ಮಾಡಿ, ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಒಂದು ಸೀರೆಯ ಅಗಲಕ್ಕೆ ಹಾಸಿನ ಎಳೆಗಳು ಸಾವಿರಗಟ್ಟಲೆ ಇರುತ್ತವೆ.