ಬಖ್ತಿಯಾರಿ ತೈಲ ಒಪ್ಪಂದ (1905)

ಬಖ್ತಿಯಾರಿ ತೈಲ ಒಪ್ಪಂದವು ನೈಋತ್ಯ ಪರ್ಷಿಯಾದ (ಇಂದಿನ ಇರಾನ್) ಬಖ್ತಿಯಾರಿ ಬುಡಕಟ್ಟಿನ ಖಾನರಿಗೂ ಬ್ರಿಟಿಷ್ ತೈಲ ಅನ್ವೇಷಕರಿಗೂ ನಡುವೆ 1905ರ ನವೆಂಬರ್ 15ರಂದು ಏರ್ಪಟ್ಟ ಕರಾರು. ಮಧ್ಯಪ್ರಾಚ್ಯದ ಮೊದಲ ದೊಡ್ಡ ತೈಲಕ್ಷೇತ್ರ ಪತ್ತೆಯಾದದ್ದು ಈ ಕರಾರಿನ ವ್ಯಾಪ್ತಿಗೆ ಒಳಪಟ್ಟ ನೆಲದಲ್ಲಿ. ಪರ್ಷಿಯಾದ ಕೇಂದ್ರ ಸರ್ಕಾರ ಇದನ್ನು ಮಾನ್ಯ ಮಾಡಲಿಲ್ಲ.

ಹಿನ್ನೆಲೆ

ಆಸ್ಟ್ರೇಲಿಯಾದ ಚಿನ್ನದ ಗಣಿಯಿಂದ ಶ್ರೀಮಂತನಾಗಿದ್ದ ವಿಲಿಯಂ ನಾಕ್ಸ್ ಡಾರ್ಸಿ 1901ರ ಮೇ 28ರಂದು ಖಜಾರ್ ವಂಶದ ಮುಜಫರುದ್ದೀನ್ ಶಾನಿಂದ ತೈಲ ಪರವಾನಗಿಯೊಂದನ್ನು ಪಡೆದನು. ರಷ್ಯಾದ ಪ್ರಭಾವಕ್ಕೆ ಒಳಗಾಗಿದ್ದ ಉತ್ತರದ 5 ಪ್ರಾಂತ್ಯಗಳನ್ನು ಬಿಟ್ಟು ಉಳಿದ ದೇಶದಲ್ಲೆಲ್ಲ 60 ವರ್ಷಗಳ ಕಾಲ ತೈಲ ಹುಡುಕುವ ಹಕ್ಕು ಅವನದಾಯಿತು. ಪ್ರತಿಯಾಗಿ ಸರ್ಕಾರಕ್ಕೆ 20,000 ಪೌಂಡು ನಗದು, ಅಷ್ಟೇ ಮೌಲ್ಯದ ಷೇರುಗಳು ಮತ್ತು ನಿವ್ವಳ ಲಾಭದ ಶೇ. 16ರಷ್ಟು ಪಾಲು ಸಲ್ಲಬೇಕಿತ್ತು. ಕೆಲಸಗಾರರ ಹಾಗೂ ಯಂತ್ರಗಳ ರಕ್ಷಣೆಯ ಹೊಣೆಯನ್ನು ಈ ಪತ್ರದಲ್ಲಿ ಶಾನ ಸರ್ಕಾರವೇ ಹೊತ್ತಿತ್ತು. ಮುಂದಿನ ತಕರಾರಿಗೆಲ್ಲ ಈ ಅಂಶವೇ ಮೂಲವಾದುದರಿಂದ ಇದನ್ನು ಗಮನದಲ್ಲಿಡಬೇಕು.

ವಾಸ್ತವದಲ್ಲಿ ಟೆಹರಾನಿನ ಆಜ್ಞೆ ಜಾಗ್ರೋಸ್ ಬೆಟ್ಟಗಳಲ್ಲಿ ನಡೆಯುತ್ತಿರಲಿಲ್ಲ. ಅಲ್ಲಿ ಅಧಿಕಾರವಿದ್ದುದು ಇಲ್ಖಾನಿ ಮತ್ತು ಹಾಜಿ ಇಲ್ಖಾನಿ ಎಂಬ ಎರಡು ಖಾನ್ ಮನೆತನಗಳ ಕೈಯಲ್ಲಿ. ಬಖ್ತಿಯಾರಿಗಳಲ್ಲಿ ಬಹುಪಾಲು ಜನ ಅಲೆಮಾರಿ ಪಶುಪಾಲಕರು; ಬೇಸಿಗೆಯಲ್ಲಿ ಎತ್ತರದ ಕಣಿವೆಗಳಿಗೆ ಏರಿ, ಚಳಿಗಾಲದಲ್ಲಿ ‘ಗರ್ಮ್‌ಸೀರ್’ ಎಂಬ ಬೆಚ್ಚನೆಯ ತಪ್ಪಲಿಗೆ ಮಂದೆಗಳೊಡನೆ ಇಳಿಯುತ್ತಿದ್ದರು. ತೈಲ ಒಸರುತ್ತಿದ್ದ ಜಾಗಗಳು ಈ ಚಳಿಗಾಲದ ಹುಲ್ಲುಗಾವಲಿನಲ್ಲೇ ಇದ್ದವು. ಖಾನರಿಗೆ ಬ್ರಿಟಿಷರೊಡನೆ ವ್ಯವಹಾರ ಹೊಸದೇನಲ್ಲ. ಲಿಂಚ್ ಬ್ರದರ್ಸ್ ಸಂಸ್ಥೆಯು ಅಹ್ವಾಜ್‌ನಿಂದ ಇಸ್ಫಹಾನಿಗೆ ನಿರ್ಮಿಸಿದ ವ್ಯಾಪಾರ ಮಾರ್ಗದಲ್ಲಿ ಅವರು ಸುಂಕ ವಸೂಲು ಮಾಡುತ್ತಿದ್ದರು.

ಪಶ್ಚಿಮ ಗಡಿಯ ಚಿಯಾ ಸುರ್ಖ್‌ನಲ್ಲಿ ಕೊರೆದ ಬಾವಿಗಳಿಂದ ಲಾಭವಾಗುವಷ್ಟು ತೈಲ ದೊರೆಯಲಿಲ್ಲ. ಡಾರ್ಸಿಯ ಹಣ ಕರಗುತ್ತ ಬಂದಾಗ, 1905ರಲ್ಲಿ ಗ್ಲಾಸ್ಗೋದ ಬರ್ಮಾ ಆಯಿಲ್ ಕಂಪನಿ ಬಂಡವಾಳ ಹೂಡಲು ಮುಂದಾಯಿತು. ಅನ್ವೇಷಣೆಯು ದಕ್ಷಿಣಕ್ಕೆ, ಬಖ್ತಿಯಾರಿ ಸೀಮೆಗೆ ಸ್ಥಳಾಂತರಗೊಂಡಿತು.

ಒಪ್ಪಂದದ ಷರತ್ತುಗಳು

ಅನ್ವೇಷಕರ ಪರವಾಗಿ ಎಂಜಿನಿಯರ್ ಜಾರ್ಜ್ ರೇನಾಲ್ಡ್ಸ್ ಮಾತುಕತೆಯಲ್ಲಿ ಭಾಗವಹಿಸಿದನು. ಈತ ಹಿಂದೆ ಭಾರತದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವನು. ಇಸ್ಫಹಾನಿನ ಬ್ರಿಟಿಷ್ ಕಾನ್ಸುಲ್ ಜನರಲ್ ಜಾನ್ ಪ್ರೀಸ್ ಸಂಧಾನವನ್ನು ಮುನ್ನಡೆಸಿದನು. ಖಾಸಗಿ ಉದ್ಯಮವೊಂದಕ್ಕಾಗಿ ರಾಜತಾಂತ್ರಿಕ ಅಧಿಕಾರಿ ಚೌಕಾಸಿ ನಡೆಸಿದ್ದು ಅಂದಿನ ಬ್ರಿಟಿಷ್ ನೀತಿಯ ಸ್ವರೂಪವನ್ನು ತೋರಿಸುತ್ತದೆ.

ಕಾವಲಿನ ಹೊಣೆ ಹೊತ್ತ ಖಾನರಿಗೆ ವರ್ಷಕ್ಕೆ 2,000 ಪೌಂಡು ಸಲ್ಲಬೇಕಿತ್ತು. ಕೊಳವೆಮಾರ್ಗ ಹಾಕಿದ ಮೇಲೆ ಅದು 3,000 ಪೌಂಡಿಗೆ ಏರುವುದಿತ್ತು. ಅವರ ಸೀಮೆಯಲ್ಲಿ ತೈಲ ತೆಗೆಯುವ ಕಂಪನಿಗಳ ಷೇರುಗಳಲ್ಲಿ ಶೇ. 3ರಷ್ಟು ಪಾಲೂ ಅವರಿಗೆ ದೊರೆಯುವಂತಿತ್ತು. ಕೃಷಿ ಭೂಮಿಗೆ ನ್ಯಾಯವಾದ ಬೆಲೆ ಕೊಡಬೇಕು, ಪಾಳುಭೂಮಿಗೆ ಏನೂ ಕೊಡಬೇಕಿಲ್ಲ ಎಂದಾಯಿತು. ಕಾಗದದಲ್ಲಿ ಈ ‘ಪಾಳು’ ಎಂಬ ಪದ ನಿರುಪದ್ರವಿಯಾಗಿ ಕಾಣುತ್ತದೆ. ಆದರೆ ಉಳುಮೆಯಿಲ್ಲದ ಹುಲ್ಲುಗಾವಲು ಪಶುಪಾಲಕನಿಗೆ ಪಾಳಲ್ಲ, ಜೀವನಾಧಾರ. ಸಹಿ ಹಾಕಿದವರು ಖಾನರು. ಚಳಿಗಾಲದಲ್ಲಿ ಅಲ್ಲಿ ಡೇರೆ ಹಾಕುತ್ತಿದ್ದ ಕುಟುಂಬಗಳು ಕರಾರಿನ ಪಕ್ಷಗಾರರಾಗಿರಲಿಲ್ಲ.

ಟೆಹರಾನ್ ಸರ್ಕಾರದ ಆಕ್ಷೇಪಕ್ಕೂ ಆಧಾರವಿತ್ತು. ಖಾನರು ಶಾನ ಪ್ರಜೆಗಳು. ಪ್ರಜೆಗಳೊಡನೆ ವಿದೇಶೀಯರು ಪ್ರತ್ಯೇಕ ಕರಾರು ಮಾಡಿಕೊಂಡರೆ ಸಾರ್ವಭೌಮತ್ವಕ್ಕೆ ಏನು ಅರ್ಥ? ರಕ್ಷಣೆಯ ಭರವಸೆಯನ್ನು ಮೊದಲು ಶಾನಿಂದ ಪಡೆದು, ಬಳಿಕ ಅದನ್ನೇ ಖಾನರಿಂದ ಹಣ ಕೊಟ್ಟು ಕೊಂಡುಕೊಂಡಂತಾಗಿತ್ತು.

ಕಾವಲಿನ ಬಿಕ್ಕಟ್ಟು ಮತ್ತು ತೈಲದ ಪತ್ತೆ

ಕಾವಲಿನ ಏರ್ಪಾಡು ಬೇಗನೆ ಹದಗೆಟ್ಟಿತು. ಹಣದ ಹಂಚಿಕೆಯ ಬಗ್ಗೆ ಎರಡು ಮನೆತನಗಳಲ್ಲಿ ವೈಮನಸ್ಸು ಬೆಳೆಯಿತು. ಕಾವಲುಗಾರರಿಗೆ ಸಂಬಳ ಸರಿಯಾಗಿ ಮುಟ್ಟುತ್ತಿರಲಿಲ್ಲ, ರಕ್ಷಿಸಬೇಕಾದವರಿಂದಲೇ ರೇನಾಲ್ಡ್ಸ್‌ನ ತಂಡಕ್ಕೆ ಕಿರುಕುಳ ಉಂಟಾಯಿತು. ಸಂಬಂಧ ಪೂರ್ಣವಾಗಿ ಮುರಿಯದಂತೆ ನೋಡಿಕೊಂಡವನು ಅಹ್ವಾಜ್‌ನ ವೈಸ್ ಕಾನ್ಸುಲ್ ಡೇವಿಡ್ ಲಾರಿಮರ್. ಭಾಷಾಶಾಸ್ತ್ರಜ್ಞನೂ ಆಗಿದ್ದ ಈತ ಬಖ್ತಿಯಾರಿ ಉಪಭಾಷೆಯ ಧ್ವನಿವಿಚಾರದ ಕುರಿತು ಮುಂದೆ ಗ್ರಂಥ ರಚಿಸಿದನು.

ಕೊನೆಗೆ ಭಾರತದಿಂದ 18ನೇ ಬೆಂಗಾಲ್ ಲ್ಯಾನ್ಸರ್ಸ್ ದಳದ ಸುಮಾರು 20 ಸವಾರರನ್ನು ಲೆಫ್ಟಿನೆಂಟ್ ಆರ್ನಾಲ್ಡ್ ವಿಲ್ಸನ್‌ನ ಮುಂದಾಳ್ತನದಲ್ಲಿ ಕಳುಹಿಸಲಾಯಿತು. ಕಾನ್ಸುಲರ್ ಕಚೇರಿಯ ಕಾವಲು ಬಲಪಡಿಸುವುದು ಹೊರನೋಟದ ಕಾರಣ. ಅವರ ನಿಜವಾದ ಕೆಲಸವಿದ್ದುದು ಕೊರೆಯುವ ಸ್ಥಳದಲ್ಲಿ.

1908ರ ಮೇ 26ರ ನಸುಕಿನಲ್ಲಿ ಮಸ್ಜಿದ್ ಸುಲೇಮಾನ್‌ನ ಬಾವಿಯೊಂದರಲ್ಲಿ 1,180 ಅಡಿ ಆಳದಿಂದ ತೈಲ ಚಿಮ್ಮಿತು. ಮರುವರ್ಷ ಏಪ್ರಿಲ್‌ನಲ್ಲಿ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿ ಸ್ಥಾಪನೆಯಾಯಿತು.

ಶೇಖ್ ಖಜಲ್‌ನೊಡನೆ ಕರಾರು

ತೈಲವನ್ನು ಸಮುದ್ರಕ್ಕೆ ಸಾಗಿಸಲು ಮೊಹಮ್ಮರಾದ ಅರಬ್ ಮುಖಂಡ ಶೇಖ್ ಖಜಲ್‌ನ ಸೀಮೆಯನ್ನು ದಾಟಬೇಕಾಗಿತ್ತು. 1909ರ ಜುಲೈನಲ್ಲಿ ಬುಶೇರಿನ ರೆಸಿಡೆಂಟ್ ಪರ್ಸಿ ಕಾಕ್ಸ್ ಅವನೊಡನೆ ಸಂಧಾನ ನಡೆಸಿದನು. ಅಬಾದಾನ್ ದ್ವೀಪದಲ್ಲಿ 1 ಚದರ ಮೈಲಿ ನೆಲಕ್ಕೆ ವರ್ಷಕ್ಕೆ 650 ಪೌಂಡು ಬಾಡಿಗೆ ಮತ್ತು 10,000 ಪೌಂಡು ಸಾಲ ನಿಗದಿಯಾಯಿತು. ಖಾನರು ಷೇರು ಕೇಳಿದರೆ, ಶೇಖನು ಮುಖ್ಯವಾಗಿ ಬಯಸಿದ್ದು ಟೆಹರಾನಿನ ವಿರುದ್ಧ ಬ್ರಿಟಿಷ್ ರಕ್ಷಣೆಯ ಭರವಸೆಯನ್ನು.

ಅದೇ ಜುಲೈ ತಿಂಗಳಲ್ಲಿ ಬಖ್ತಿಯಾರಿ ಸರ್ದಾರ್ ಅಸದ್ ಸಂವಿಧಾನವಾದಿಗಳ ಪರವಾಗಿ ಟೆಹರಾನನ್ನು ಪ್ರವೇಶಿಸಿದನು. ಮುಹಮ್ಮದ್ ಅಲಿ ಶಾ ಪದಚ್ಯುತನಾದನು. 1905ರ ಕರಾರಿಗೆ ಸಹಿ ಹಾಕಿದ್ದ ಸಮ್ಸಾಮ್ ಉಸ್ಸಲ್ತನೆ 1911ರಲ್ಲಿ ದೇಶದ ಪ್ರಧಾನಿಯೂ ಆದನು. ಹೀಗೆ ಕಂಪನಿಯ ಪಾಲುದಾರರೇ ಸರ್ಕಾರದ ಉನ್ನತ ಸ್ಥಾನಗಳಿಗೆ ಬಂದರು.

ನಂತರದ ಬೆಳವಣಿಗೆಗಳು

ಅಬಾದಾನ್‌ವರೆಗಿನ ಕೊಳವೆಮಾರ್ಗ 1911ರಲ್ಲಿ ಪೂರ್ಣಗೊಂಡಿತು. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡಿತು. ಮಹಾಯುದ್ಧದ ನಡುವೆ, 1915ರ ಫೆಬ್ರವರಿಯಲ್ಲಿ, ಸ್ಥಳೀಯ ಬುಡಕಟ್ಟಿನವರು ಕೊಳವೆಯನ್ನು ಕತ್ತರಿಸಿದರು.

ರೆಜಾ ಖಾನ್ ಪ್ರಬಲನಾದ ಮೇಲೆ ಬ್ರಿಟಿಷರು ಕೇಂದ್ರ ಸರ್ಕಾರದೊಡನೆ ವ್ಯವಹರಿಸುವುದೇ ಲೇಸೆಂದು ಭಾವಿಸಿದರು. ಹಳೆಯ ಭರವಸೆಗಳು ಉಪಯೋಗಕ್ಕೆ ಬರಲಿಲ್ಲ. ಶೇಖ್ ಖಜಲ್ 1925ರಲ್ಲಿ ಬಂಧಿತನಾಗಿ, 1936ರಲ್ಲಿ ಟೆಹರಾನಿನಲ್ಲಿ ಮೃತಪಟ್ಟನು. ಖಾನರ ತೈಲ ಷೇರುಗಳು 1930ರ ದಶಕದಲ್ಲಿ ಒತ್ತಾಯದ ಮಾರಾಟದ ಮೂಲಕ ಸರ್ಕಾರದ ಪಾಲಾದವು. ಅದೇ ಕಾಲದಲ್ಲಿ ಅಲೆಮಾರಿ ಬುಡಕಟ್ಟುಗಳನ್ನು ಬಲವಂತವಾಗಿ ಒಂದೆಡೆ ನೆಲೆಗೊಳಿಸುವ ಕಾರ್ಯವೂ ನಡೆಯಿತು.